ಫ್ಯಾಮಿಲಿ ಪ್ಲಾನ್‌ನಿಂದ ನನ್ನ ನಂಬರ್ ಬಿಡಿಸಿಕೊಳ್ಳಲು ಅಣ್ಣನ ಒಪ್ಪಿಗೆ ಯಾಕೆ ಬೇಕು? ಟ್ರಾಯ್‌ಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ
ಹಾಗೂ ದೂರಸಂಪರ್ಕ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ಒಂದು ಸಣ್ಣ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಹೇಳಿದರೆ ಎರಡು ಸಾಲು. ನಾಲ್ಕು ಜನರ ಫ್ಯಾಮಿಲಿ ಪೋಸ್ಟ್‌ಪೇಯ್ಡ್ ಪ್ಲಾನ್‌ನಿಂದ ಒಂದು ನಂಬರ್ ಬಿಡಿಸಿಕೊಳ್ಳಬೇಕು. ನಂಬರ್ ಅದೇ ಇರಲಿ, ಕಂಪನಿಯೂ ಅದೇ ಇರಲಿ, ಬಿಲ್ ಮಾತ್ರ ಬೇರೆಯಾಗಿ ನನ್ನ ಹೆಸರಿಗೆ ಬರಲಿ. ಇಷ್ಟಕ್ಕೆ ಗ್ರಾಹಕರ ಕೈಯಲ್ಲಿ ಒಂದು ಗಟ್ಟಿ ನಿಯಮ ಇಲ್ಲ ಅನ್ನುವುದು ನನ್ನ ದೂರು. ಅಂಥ ನಿಯಮವನ್ನು ನೀವು ತರಬೇಕು ಅನ್ನುವುದು ನನ್ನ ಬೇಡಿಕೆ.

ನಾನು ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕೆಲಸ ಧಾರವಾಡದಲ್ಲಿ. ಪ್ಲಾನ್ ಇರುವುದು ಪುಣೆಯಲ್ಲಿರುವ ಅಣ್ಣನ ಹೆಸರಿನಲ್ಲಿ. ಅದರಲ್ಲಿ ಅವನು, ಅತ್ತಿಗೆ, ಅವ್ವ ಮತ್ತು ನಾನು. ಅಣ್ಣನ ಮೇಲೆ ನನ್ನದೇನೂ ದೂರಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದುತ್ತಿದ್ದಾಗ ಅವನೇ ಬಿಲ್ ಕಟ್ಟಿದ. ಆಗ ಅದು ಎಲ್ಲರಿಗೂ ಲಾಭವೇ ಆಗಿತ್ತು. ಮೊದಲನೇ ನಂಬರಿಗೆ ಪೂರ್ತಿ ಬಾಡಿಗೆ, ಉಳಿದವಕ್ಕೆ ಕಡಿಮೆ, ಡೇಟಾ ಎಲ್ಲರೂ ಹಂಚಿಕೊಳ್ಳಬಹುದು, ತಿಂಗಳಿಗೆ ಒಂದೇ ಬಿಲ್. ಈಗ ನನಗೆ ಸಂಬಳ ಬರುತ್ತದೆ, ನನ್ನ ಬಿಲ್ ನಾನೇ ಕಟ್ಟಬೇಕು ಅನಿಸಿತು. ಅಣ್ಣನೂ ಸರಿ ಅಂದ.

ಅಷ್ಟಾದ ಮೇಲೆ ಶುರುವಾಯಿತು ನೋಡಿ ಓಡಾಟ. ಕಂಪನಿಯ ಆ್ಯಪ್‌ನಲ್ಲಿ ಹೊಸ ನಂಬರ್ ಸೇರಿಸುವ ಬಟನ್ ಕಣ್ಣಿಗೆ ಹೊಡೆಯುವ ಹಾಗೆ ಇದೆ, ಬಿಡಿಸುವ ದಾರಿ ಎಲ್ಲೂ ಕಾಣಲಿಲ್ಲ. ಕಾಲ್ ಸೆಂಟರ್‌ನವರು ಅಂಗಡಿಗೆ ಹೋಗಿ ಅಂದರು. ಹುಬ್ಬಳ್ಳಿಯ ಅಂಗಡಿಯಲ್ಲಿ ಕೌಂಟರ್‌ನ ಹುಡುಗ ಕಂಪ್ಯೂಟರ್ ನೋಡಿ, "ಇದು ನಿಮ್ಮ ಹೆಸರಿನ್ಯಾಗ ಇಲ್ಲರಿ ಮೇಡಂ, ಮಾಲಕರನ್ನ ಕರಕೊಂಡು ಬರ್ರಿ" ಅಂದ. ಅಣ್ಣ ಪುಣೆಯ ಅಂಗಡಿಗೆ ಹೋದರೆ, ಇದು ಕರ್ನಾಟಕದ ನಂಬರ್, ಅಲ್ಲೇ ಮಾಡಿಸಿ ಅಂತ ವಾಪಸ್ ಕಳಿಸಿದರು. ಫೋನ್ ಮೇಲೆ ಒಟಿಪಿ ಕೊಡುತ್ತೇನೆ, ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸುತ್ತೇನೆ ಅಂದ, ಅದಕ್ಕೂ ಆಗಲ್ಲ ಅಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸ್ಕ್ರೀನ್ ಮೇಲೆ ಆ ಕೆಲಸಕ್ಕೆ ಜಾಗವೇ ಇಲ್ಲ, ಅವನಾದರೂ ಏನು ಮಾಡಬೇಕು?

ಈ ಓಡಾಟದಲ್ಲಿ ನನಗೆ ಒಂದು ಸಂಗತಿ ಅರ್ಥವಾಯಿತು. ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಪ್ಲಾನ್‌ನಿಂದ ಹೊರಬರುವುದು ಒಂದು, ಅಂದರೆ ಬಿಲ್ ಬೇರೆ ಮಾಡಿಸುವುದು. ನಂಬರ್ ಯಾರ ಗುರುತಿನ ಚೀಟಿಯ ಮೇಲೆ ಇದೆಯೋ ಆ ಹೆಸರು ಬದಲಿಸುವುದು ಇನ್ನೊಂದು. ಕಂಪನಿಯನ್ನೇ ಬಿಟ್ಟು ಬೇರೆ ಕಂಪನಿಗೆ ಹೋಗುವುದು ಮತ್ತೊಂದು. ಕೆಲವರ ಮನೆಯಲ್ಲಿ ಪ್ರತಿಯೊಬ್ಬರ ಸಿಮ್ ಅವರವರ ಹೆಸರಲ್ಲೇ ಇರುತ್ತದೆ, ಬಿಲ್ ಮಾತ್ರ ಮುಖ್ಯ ನಂಬರಿಗೆ ಹೋಗುತ್ತದೆ. ಅವರಿಗೆ ಮೊದಲನೇ ಕೆಲಸ ಆದರೆ ಸಾಕು. ನನ್ನಂಥವರದ್ದು ಸಿಮ್ಮೇ ಅಣ್ಣನ ಆಧಾರ್ ಮೇಲೆ ಇದೆ, ಹಾಗಾಗಿ ಎರಡೂ ಆಗಬೇಕು. ಅಂಗಡಿಯಲ್ಲಿ ಈ ಮೂರನ್ನೂ ಕಲಸಿಬಿಡುತ್ತಾರೆ, ಗ್ರಾಹಕರಿಗೆ ತಲೆ ಬುಡ ತಿಳಿಯುವುದಿಲ್ಲ.

ಈ ಮೂರರಲ್ಲಿ ಮೂರನೆಯದಕ್ಕೆ ಮಾತ್ರ ನೀವು ಅಚ್ಚುಕಟ್ಟಾದ ದಾರಿ ಮಾಡಿದ್ದೀರಿ. ಅದಕ್ಕೆ ನಿಮಗೆ ಮನಸಾರೆ ಧನ್ಯವಾದ ಹೇಳಬೇಕು. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಪೋರ್ಟಿಂಗ್, ಅಂದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವುದು, ಶುರುವಾಯಿತು, 2011ರ ಜನವರಿ 20ಕ್ಕೆ ಇಡೀ ದೇಶಕ್ಕೆ ಬಂತು, 2015ರ ಜುಲೈನಿಂದ ರಾಜ್ಯ ದಾಟಿದರೂ ನಂಬರ್ ಉಳಿಸಿಕೊಳ್ಳಬಹುದು. ಇವತ್ತು ಇಂಗ್ಲಿಷ್‌ನಲ್ಲಿ PORT ಅಂತ ಟೈಪ್ ಮಾಡಿ, ಸ್ಪೇಸ್ ಬಿಟ್ಟು, ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಎಂಟು ಅಕ್ಷರಗಳ ಕೋಡ್ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ನಡೆಯುತ್ತದೆ. ಅದೇ ಸರ್ಕಲ್‌ನ (ಫೋನ್ ಸೇವೆಯ ವಲಯ) ಒಳಗಾದರೆ ಮೂರು ಕೆಲಸದ ದಿನ, ಬೇರೆ ಸರ್ಕಲ್ ಆದರೆ ಐದು ಕೆಲಸದ ದಿನ, ಅಷ್ಟರಲ್ಲಿ ಕೆಲಸ ಮುಗಿಯಬೇಕು. ಕೋಡ್ ಕೊಡದೇ ಇರಲು ಕಾರಣ ಯಾವುವು ಅನ್ನುವುದನ್ನೂ ನೀವೇ ಬರೆದಿಟ್ಟಿದ್ದೀರಿ: ಬಂದ ಬಿಲ್ ಬಾಕಿ ಇರಬಾರದು, ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಹೆಸರು ಬದಲಾವಣೆಯ ಅರ್ಜಿ ನಡುವೆ ನಿಂತಿರಬಾರದು, ಹೀಗೆ. ಕಂಪನಿಗೆ ಇಷ್ಟವಿಲ್ಲ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಬಹಳ ಮುಖ್ಯವಾದ ಮಾತು ಅಂದರೆ, ಆ ಮೆಸೇಜ್ ಹೋಗುವುದು ನಂಬರ್ ಬಳಸುವವರ ಕೈಯಿಂದಲೇ.

ಅಂದರೆ ಕಂಪನಿ ಬಿಟ್ಟು ಹೋಗಲು ನನಗೆ ಗಡುವು ಇರುವ ದಾರಿ ಇದೆ. ಅದೇ ಕಂಪನಿಯಲ್ಲಿ ಉಳಿದುಕೊಂಡು ಅಣ್ಣನ ಬಿಲ್‌ನಿಂದ ಬೇರೆಯಾಗಲು ಅಂಥ ದಾರಿ ಇಲ್ಲ. ಇದೆಂಥ ನ್ಯಾಯ? ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಕರೆಂಟ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ಬೇರೆ ಮೀಟರ್ ಹಾಕಿಸಿಕೊಳ್ಳುತ್ತಾರೆ, ಬೇರೆ ಮೀಟರ್ ಬೇಕಾದರೆ ಊರು ಬಿಟ್ಟು ಹೋಗಿ ಅಂತ ಯಾರೂ ಹೇಳುವುದಿಲ್ಲ.

ಹಾಗಾದರೆ ಸುಮ್ನೆ ಪೋರ್ಟ್ ಮಾಡಿಕೊಳ್ಳಿ, ಹೊಸ ಕಂಪನಿಯಲ್ಲಿ ನಿಮ್ಮ ಆಧಾರ್ ಕೊಟ್ಟರೆ ಹೆಸರೂ ಬದಲಾಗುತ್ತದೆ ಅಂತ ಮೊಬೈಲ್ ಅಂಗಡಿಯವರು ಸಲಹೆ ಕೊಡುತ್ತಾರೆ. ನನಗೂ ಕೊಟ್ಟರು. ಒಪ್ಪಲಿಲ್ಲ. ಒಂದು, ಅದು ಹಿಂಬಾಗಿಲು. ಪೋರ್ಟಿಂಗ್ ಇರುವುದು ಕಂಪನಿ ಬದಲಿಸಲು, ಹೆಸರು ಬದಲಿಸಲು ಅಲ್ಲ, ನಾಳೆ ಯಾರಾದರೂ ತಕರಾರು ತೆಗೆದರೆ ಉತ್ತರ ಕೊಡಬೇಕಾದವಳು ನಾನು. ಇನ್ನೊಂದು, ಹಾವೇರಿ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ಒಳಗೆ ಕೂತು ಮಾತಾಡಲು ಸಿಗ್ನಲ್ ಸಿಗುವುದು ಈ ಕಂಪನಿಯದ್ದೇ. ಅವ್ವ ಅಲ್ಲೇ ಇರುತ್ತಾಳೆ. ನೆಟ್‌ವರ್ಕ್ ಚೆನ್ನಾಗಿದೆ ಅಂತಲೇ ಈ ಕಂಪನಿಯಲ್ಲಿ ಉಳಿಯುತ್ತೇನೆ ಅನ್ನುವ ಗ್ರಾಹಕಿಯನ್ನು ಕಂಪನಿಯೇ ಹೊರಗೆ ದಬ್ಬುತ್ತಿದೆ, ವಿಚಿತ್ರ ಅಲ್ವಾ?

ನಂಬರ್ ನಮ್ಮ ಹೆಸರಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಕಷ್ಟ ಬಂದಾಗಲೇ ಗೊತ್ತಾಗುವುದು. ಬಸ್ಸಿನಲ್ಲಿ ಫೋನ್ ಕಳೆಯಿತು ಅಂದುಕೊಳ್ಳಿ. ಹೊಸ ಸಿಮ್ ಪಡೆಯಲು ನಾನು ನನ್ನ ಆಧಾರ್ ಹಿಡಿದು ಹೋದರೆ ಪ್ರಯೋಜನವಿಲ್ಲ, ಅಣ್ಣ ಪುಣೆಯಿಂದ ಬರಬೇಕು. ಅಲ್ಲಿಯವರೆಗೆ ಬ್ಯಾಂಕ್ ಒಟಿಪಿ ಇಲ್ಲ, ಯುಪಿಐ ಇಲ್ಲ, ಆಧಾರ್ ಒಟಿಪಿ ಇಲ್ಲ, ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಅಣ್ಣನ ಬ್ಯಾಂಕ್ ಕಾರ್ಡ್ ಬದಲಾಗಿ ಆಟೋಪೇ ತಪ್ಪಿದ ಒಂದು ತಿಂಗಳು ನಮ್ಮೆಲ್ಲರ ಔಟ್‌ಗೋಯಿಂಗ್ ನಿಂತಿತು. ಅವ್ವ ಊರಲ್ಲಿ ಒಬ್ಬಳೇ ಇದ್ದಳು, ಯಾಕೆ ಫೋನ್ ಹೋಗುತ್ತಿಲ್ಲ ಅಂತ ಅವಳಿಗೆ ತಿಳಿಯಲೇ ಇಲ್ಲ. ನನ್ನ ಪಾಲಿನ ಹಣ ನಾನು ಅಣ್ಣನಿಗೆ ಕೊಟ್ಟಿದ್ದೆ. ಆದರೆ ಕಂಪನಿಗೆ ನಾನು ಗ್ರಾಹಕಿಯೇ ಅಲ್ಲವಲ್ಲ, ನನ್ನ ಲೈನ್ ಒಂದನ್ನೇ ಚಾಲೂ ಮಾಡಿ ಅಂತ ಕೇಳುವ ಹಾಗೂ ಇಲ್ಲ.

ಇನ್ನೊಂದು ಲಾಭ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಎರಡು ತಿಂಗಳಿಗಿಂತ ಹಳೆಯದಲ್ಲದ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ ಅನ್ನು, ಆಧಾರ್‌ನಲ್ಲಿ ಈಗಿನ ವಿಳಾಸ ಇಲ್ಲದಿದ್ದಾಗ, ಬ್ಯಾಂಕ್‌ಗಳು ತಾತ್ಕಾಲಿಕವಾಗಿ ವಿಳಾಸದ ದಾಖಲೆ ಅಂತ ತೆಗೆದುಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು, ವಿಳಾಸ ಪರಿಶೀಲನೆ) ನಿಯಮದಲ್ಲೇ ಇದೆ. ಬಾಡಿಗೆ ಮನೆಯಲ್ಲಿ ಇರುವ ಹೆಣ್ಣುಮಕ್ಕಳ ಹೆಸರಲ್ಲಿ ಕರೆಂಟ್ ಬಿಲ್ ಇರುವುದಿಲ್ಲ, ನೀರಿನ ಬಿಲ್ ಇರುವುದಿಲ್ಲ. ಮೊಬೈಲ್ ಬಿಲ್ ಒಂದಾದರೂ ಅವರ ಹೆಸರಲ್ಲಿ ಇದ್ದರೆ ಎಷ್ಟೋ ಕೆಲಸ ಆಗುತ್ತದೆ.

ನನ್ನದು ಜಗಳವಿಲ್ಲದ ಮನೆ. ಜಗಳ ಇರುವ ಮನೆಯ ಹೆಣ್ಣುಮಕ್ಕಳ ಗತಿ ಯೋಚಿಸಿ. ಪ್ಲಾನ್ ಗಂಡನ ಹೆಸರಲ್ಲಿದೆ. ಬಿಲ್ ವಿವರ ಅವನ ಇಮೇಲ್‌ಗೆ ಹೋಗುತ್ತದೆ. ಅವಳು ತವರಿಗೆ ಎಷ್ಟು ಸಲ ಫೋನ್ ಮಾಡಿದಳು, ವಕೀಲರಿಗೆ ಯಾವಾಗ ಮಾಡಿದಳು ಅನ್ನುವುದನ್ನು ಅವನು ವಿವರವಾದ ಬಿಲ್ ತರಿಸಿ ನೋಡಬಹುದು. ಸಿಟ್ಟು ಬಂದರೆ ಲೈನ್ ನಿಲ್ಲಿಸಬಹುದು. ಸಿಮ್ ಅವನ ಹೆಸರಲ್ಲೇ ಇದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಈ ನಂಬರ್ ಬೇಡ ಅಂತ ಗುರುತು ಹಾಕಲೂ ದಾರಿ ಇದೆ. ಆ ಪೋರ್ಟಲ್ ಒಳ್ಳೆಯದೇ, ಕಳ್ಳ ಸಿಮ್ ಹಿಡಿಯಲು ಬೇಕೇ ಬೇಕು. ಆದರೆ ಹತ್ತು ವರ್ಷದಿಂದ ಆ ನಂಬರ್ ಬಳಸಿದವಳ ಮಾತು ಕೇಳುವ ಜಾಗ ಅಲ್ಲಿ ಇಲ್ಲ. ಹಾಗೆ ಬಂದಾದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಅವಳ ಬ್ಯಾಂಕ್, ಮಕ್ಕಳ ಶಾಲೆ, ಗೃಹಲಕ್ಷ್ಮಿಯ ಮೆಸೇಜ್, ಎಲ್ಲವೂ ಆ ಹತ್ತು ಅಂಕಿಯ ಮೇಲೆ ನಿಂತಿರುತ್ತವೆ. ಇಂಥವಳಿಗೆ ಕೌಂಟರ್‌ನಲ್ಲಿ "ಯಜಮಾನರನ್ನ ಕರಕೊಂಡು ಬರ್ರಿ" ಅಂದರೆ ಅವಳು ಎಲ್ಲಿಗೆ ಹೋಗಬೇಕು?

ಇದನ್ನು ಸರಿಮಾಡಲು ಆಗದು ಅಂತ ಹೇಳಬೇಡಿ. ಅಮೆರಿಕದಲ್ಲಿ ಮಾಡಿದ್ದಾರೆ. ಅಲ್ಲಿ 2022ರ ಡಿಸೆಂಬರ್‌ನಲ್ಲಿ ಸೇಫ್ ಕನೆಕ್ಷನ್ಸ್ ಆಕ್ಟ್ ಅನ್ನುವ ಕಾನೂನು ಬಂತು. ಮನೆಯಲ್ಲಿ ಹಿಂಸೆ ಅನುಭವಿಸಿದವರು ದಾಖಲೆ ಕೊಟ್ಟು ಕೇಳಿದರೆ, ಹಂಚಿಕೊಂಡ ಪ್ಲಾನ್‌ನಿಂದ ಅವರ ಲೈನ್ ಅನ್ನು ಎರಡು ಕೆಲಸದ ದಿನಗಳಲ್ಲಿ ಬೇರೆ ಮಾಡಿಕೊಡಬೇಕು. ಅದಕ್ಕೆ ದಂಡ, ಶುಲ್ಕ ಹಾಕುವಂತಿಲ್ಲ. ಖಾತೆಯ ಮಾಲೀಕರ ಒಪ್ಪಿಗೆ ತನ್ನಿ ಅಂತ ಕೇಳುವಂತಿಲ್ಲ. ಮಕ್ಕಳ ಲೈನ್ ಕೂಡ ತಾಯಿಯ ಜೊತೆ ಬರಬಹುದು. ಇದು ನನ್ನ ಪ್ರಕಾರ ಬಹಳ ದೊಡ್ಡ ಹೆಜ್ಜೆ. ನಮ್ಮಲ್ಲಿ 2005ರಿಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ, ನಮ್ಮ ರಾಜ್ಯದಲ್ಲಿ ಸಾಂತ್ವನ ಕೇಂದ್ರಗಳಿವೆ. ಅಲ್ಲಿಗೆ ಹೋದ ಹೆಣ್ಣುಮಗಳು ಸಹಾಯ ಕೇಳುವುದೇ ಫೋನ್ ಹಿಡಿದು, ಆ ಫೋನ್ ಮಾತ್ರ ಇನ್ನೂ ಗಂಡನ ಖಾತೆಯಲ್ಲಿ.

ಯಾರಾದರೂ ಕೇಳಬಹುದು, ಬಿಡಿಸುವುದು ಸುಲಭ ಮಾಡಿದರೆ ಮೋಸಗಾರರು ಬೇರೆಯವರ ನಂಬರ್ ಹೊಡೆಯುವುದಿಲ್ಲವೇ ಅಂತ. ಈ ಹೆದರಿಕೆ ಸುಳ್ಳಲ್ಲ. ಸಿಮ್ ಬದಲಿಸಿ ಬ್ಯಾಂಕ್ ಖಾಲಿ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ತಡೆಗಳನ್ನೂ ನೀವೇ ಮಾಡಿದ್ದೀರಿ, 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನ ಪೋರ್ಟಿಂಗ್ ಕೋಡ್ ಸಿಗುವುದಿಲ್ಲ, ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಆ ತಡೆಗಳು ಇಲ್ಲೂ ಇರಲಿ. ನಾನು ಕೇಳುತ್ತಿರುವುದು ಸಿಮ್ ಕೈಯಲ್ಲಿ ಇರುವವರ ಬಗ್ಗೆ. ಅದೇ ನಂಬರಿಗೆ ಒಟಿಪಿ ಕಳಿಸಿ, ಆಧಾರ್ ಕೇಳಿ, ಎದುರಿಗೆ ಕೂರಿಸಿ ಫೋಟೋ ತೆಗೆಯಿರಿ. ಎಷ್ಟು ದಿನದಿಂದ ಆ ನಂಬರ್ ಅದೇ ಹ್ಯಾಂಡ್‌ಸೆಟ್‌ನಲ್ಲಿ ನಡೆಯುತ್ತಿದೆ ಅಂತ ಕಂಪನಿಗೆ ಗೊತ್ತಿರುತ್ತದೆ, ಅದನ್ನೂ ನೋಡಿ. ಮುಖ್ಯ ಗ್ರಾಹಕರಿಗೂ ತಿಳಿಸಿ. ಬಿಲ್ ಅವರದ್ದು, ಪ್ಲಾನ್ ದರ ಬದಲಾದರೆ ಮೊದಲೇ ಗೊತ್ತಾಗಬೇಕು, ಅದು ಅವರ ಹಕ್ಕು. ತಿಳಿಸುವುದು ಬೇರೆ, ಅವರ ಒಪ್ಪಿಗೆ ಬರುವವರೆಗೆ ಕೆಲಸ ನಿಲ್ಲಿಸುವುದು ಬೇರೆ. 18 ವರ್ಷ ತುಂಬಿದವರಿಗೆ ಮಾತ್ರ ಇದನ್ನು ಕೊಡಿ, ಮಕ್ಕಳ ಫೋನ್ ತಂದೆ ತಾಯಿಯ ಕೈಯಲ್ಲೇ ಇರಲಿ.

2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಂದು ಒಳ್ಳೆಯ ಕೆಲಸ ಮಾಡಿತು. ಪ್ರೀಪೇಯ್ಡ್‌ನಿಂದ ಪೋಸ್ಟ್‌ಪೇಯ್ಡ್‌ಗೆ, ಅಲ್ಲಿಂದ ಇಲ್ಲಿಗೆ ಬದಲಾಗಲು ಮತ್ತೆ ಕೆವೈಸಿ ಬೇಡ, ಒಟಿಪಿ ಸಾಕು ಅಂತ ಆದೇಶ ಕೊಟ್ಟಿತು. ಹಾಗಾದರೆ ನಾನು ಪ್ರೀಪೇಯ್ಡ್ ಆಗಿಬಿಡುತ್ತೇನೆ ಅಂತ ಕಂಪನಿಯವರಿಗೆ ಹೇಳಿದೆ. ಮೊದಲು ಪ್ಲಾನ್‌ನಿಂದ ಹೊರಗೆ ಬನ್ನಿ, ಆಮೇಲೆ ಅದು ಅಂದರು! ಹೊರಗೆ ಬರಲಿಕ್ಕೇ ತಾನೇ ಇಷ್ಟೆಲ್ಲ.

ಗದಗದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳ ತಂದೆ ತೀರಿಕೊಂಡರು. ಮನೆಯ ಎಲ್ಲ ಸಿಮ್ ಅವರ ಹೆಸರಲ್ಲೇ. ಮರಣ ಪ್ರಮಾಣಪತ್ರ ಕೊಟ್ಟರು, ವಾರಸುದಾರರ ದಾಖಲೆ ಕೊಟ್ಟರು, ಉಳಿದ ಮಕ್ಕಳೆಲ್ಲ ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟರು. ಅಷ್ಟಾದ ಮೇಲೂ ಪ್ರತಿ ಅಂಗಡಿಯಲ್ಲಿ ಬೇರೆ ಬೇರೆ ಕಾಗದ ಕೇಳಿದರು. ದುಃಖದಲ್ಲಿರುವ ಮನೆಯವರನ್ನು ಹೀಗೆ ಅಲೆಸಬಾರದು. ಯಾವ ಯಾವ ಕಾಗದ ಬೇಕು ಅನ್ನುವ ಒಂದು ಪಟ್ಟಿ, ಕನ್ನಡದಲ್ಲಿ, ಪ್ರತಿ ಅಂಗಡಿಯ ಗೋಡೆ ಮೇಲೆ ಇದ್ದರೆ ಅರ್ಧ ತೊಂದರೆ ಮುಗಿಯುತ್ತಿತ್ತು.

ಈ ಪತ್ರ ಓದುತ್ತಿರುವ ಊರಿನವರಿಗೂ ಎರಡು ಮಾತು. ನಿಮ್ಮ ನಂಬರ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ. ಸಂಚಾರ್ ಸಾಥಿಯಲ್ಲಿ ನಿಮ್ಮ ನಂಬರ್ ಹಾಕಿ ಒಟಿಪಿ ಕೊಟ್ಟರೆ, ಆ ಹೆಸರಲ್ಲಿರುವ ಬೇರೆ ನಂಬರ್‌ಗಳೂ ಕಾಣುತ್ತವೆ. ಅಲ್ಲಿ ಗಂಡನ, ಅಣ್ಣನ ನಂಬರ್ ಬಂದರೆ ಎರಡೂ ಸಿಮ್ ಒಬ್ಬರದ್ದೇ ಹೆಸರಲ್ಲಿ ಇವೆ ಅಂತ ಲೆಕ್ಕ, ಅದು ಅವರ ಹೆಸರೇ ಇರಬಹುದು. ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್‌ಗಿಂತ ಜಾಸ್ತಿ ಇರುವ ಹಾಗಿಲ್ಲ, ದೊಡ್ಡ ಕುಟುಂಬದವರು ಅದನ್ನೂ ನೋಡಿಕೊಳ್ಳಿ. ಸಂಬಂಧ ಚೆನ್ನಾಗಿರುವಾಗಲೇ, ಇಬ್ಬರೂ ಒಂದೇ ಊರಲ್ಲಿ ಇರುವಾಗಲೇ, ಒಟ್ಟಿಗೆ ಅಂಗಡಿಗೆ ಹೋಗಿ ಹೆಸರು ಬದಲಿಸಿಕೊಳ್ಳಿ. ದೀಪಾವಳಿಗೋ ಜಾತ್ರೆಗೋ ಎಲ್ಲರೂ ಮನೆಗೆ ಬಂದಿರುತ್ತಾರಲ್ಲ, ಆಗ. ಬಿಲ್ ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕೆಲಸ ಆಗುವ ದಿನ ಬ್ಯಾಂಕಿನ ತುರ್ತು ವ್ಯವಹಾರ ಇಟ್ಟುಕೊಳ್ಳಬೇಡಿ, ಸಿಮ್ ಬದಲಾದರೆ ಒಂದು ದಿನ ಒಟಿಪಿ ಬರುವುದಿಲ್ಲ.

ಆಗಲ್ಲ ಅಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ. ಕಂಪನಿಯ ದೂರು ಕೇಂದ್ರದಲ್ಲಿ ದೂರು ಬರೆಸಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ತೆಗೆದುಕೊಳ್ಳಿ. ಉತ್ತರ ಸರಿ ಇಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಟ್ರಾಯ್‌ನ 2012ರ ನಿಯಮದ ಪ್ರಕಾರ 39 ದಿನದೊಳಗೆ ತೀರ್ಮಾನ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕರ ಆಯೋಗಕ್ಕೆ ಫೋನ್ ಕಂಪನಿಯ ಕೇಸು ತರುವ ಹಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತರಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ಹೇಳಿದೆ. 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯವರಿಗೆ ಧಾರವಾಡದ ಜಿಲ್ಲಾ ಆಯೋಗ ಇದೆ, ದೆಹಲಿಗೆ ಹೋಗಬೇಕಿಲ್ಲ.

ಮತ್ತೆ ಟ್ರಾಯ್‌ಗೆ ಬರುತ್ತೇನೆ. ಒಬ್ಬೊಬ್ಬರ ದೂರು ನೀವು ತೆಗೆದುಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ನಾನು ನನ್ನ ಒಂದು ನಂಬರ್ ಬಿಡಿಸಿಕೊಡಿ ಅಂತ ಕೇಳುತ್ತಿಲ್ಲ. ಪೋರ್ಟಿಂಗ್‌ಗೆ ಇರುವ ಹಾಗೆ ಇದಕ್ಕೂ ಒಂದು ನಿಯಮ ಬರೆಯಿರಿ ಅನ್ನುತ್ತಿದ್ದೇನೆ. ನಂಬರ್ ಬಳಸುವವರೇ ಮೆಸೇಜ್ ಕಳಿಸಿ ಶುರು ಮಾಡುವ ಹಾಗಿರಲಿ. ಮೂರು ಕೆಲಸದ ದಿನ ಗಡುವು ಇರಲಿ. ತಮ್ಮ ಲೈನಿನ ಬಾಕಿ ಕಟ್ಟಿದರೆ ಸಾಕು, ಮನೆಮಂದಿಯ ಬಾಕಿ ತೋರಿಸಿ ತಡೆಯುವುದು ಬೇಡ. ಬೇಡ ಅನ್ನಲು ಕಾರಣಗಳ ಪಟ್ಟಿ ನೀವೇ ಕೊಡಿ, ಕಂಪನಿ ಅದರಲ್ಲಿ ಒಂದನ್ನು ಬರಹದಲ್ಲಿ ತೋರಿಸಲಿ. ಹಿಂಸೆಯ ಮನೆಯಿಂದ ಬಂದ ಹೆಣ್ಣುಮಕ್ಕಳಿಗೆ ಇನ್ನೂ ಬೇಗ ಆಗಲಿ, ಅವರ ವಿಷಯದಲ್ಲಿ ಕೆಲಸ ಮುಗಿಯುವ ಮೊದಲು ಗಂಡನಿಗೆ ಮೆಸೇಜ್ ಹೋಗಬಾರದು. ಫ್ಯಾಮಿಲಿ ಪ್ಲಾನ್ ಮಾರುವ ದಿನವೇ ಹೊರಬರುವ ದಾರಿಯನ್ನೂ ಕಂಪನಿ ಬರೆದುಕೊಡಲಿ.

ಯಾವುದೇ ನಿಯಮ ತರುವ ಮೊದಲು ನೀವು ಸಮಾಲೋಚನಾ ಪತ್ರ ಹೊರಡಿಸಿ ಜನರ ಅಭಿಪ್ರಾಯ ಕೇಳುತ್ತೀರಿ. ಇದರ ಬಗ್ಗೆಯೂ ಒಂದು ಹೊರಡಿಸಿ. ಕನ್ನಡದಲ್ಲಿ ಬರೆದ ಉತ್ತರವನ್ನೂ ತೆಗೆದುಕೊಳ್ಳಿ. ನಿಮ್ಮ ಬೆಂಗಳೂರಿನ ಪ್ರಾದೇಶಿಕ ಕಚೇರಿಯವರು ಹುಬ್ಬಳ್ಳಿಯಲ್ಲಿ ಒಂದು ಸಭೆ ಇಡಲಿ, ಗದಗ, ಹಾವೇರಿಯಿಂದಲೂ ಜನ ಬರಲು ಅನುಕೂಲ. ಭಾನುವಾರ ಇಟ್ಟರೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಬರುತ್ತಾರೆ. ನಾನು ನನ್ನ ಅರ್ಜಿ, ಡಾಕೆಟ್ ನಂಬರ್, ಅಣ್ಣನ ಒಪ್ಪಿಗೆ ಪತ್ರ ಎಲ್ಲ ಹಿಡಿದು ಬಂದು ಮಾತಾಡಲು ತಯಾರಿದ್ದೇನೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಮೊಬೈಲ್ ಗ್ರಾಹಕಿ